ಮೆಡಿಕಲ್ ಸ್ಟೋರಿನ ಕೌಂಟರಿನಲ್ಲಿ ಹಾರ್ಮೋನ್ ಚೀಟಿ

ಟ್ರಾನ್ಸ್‌ಜೆಂಡರ್ ವ್ಯಕ್ತಿಗಳು ತೆಗೆದುಕೊಳ್ಳುವ ಹಾರ್ಮೋನ್ ಚಿಕಿತ್ಸೆ ವರ್ಷಗಟ್ಟಲೆ ನಡೆಯುವಂಥದ್ದು. ಹಲವರಿಗೆ ಅದು ಜೀವಮಾನದುದ್ದಕ್ಕೂ ಬೇಕು. ಚಿಕಿತ್ಸೆ ಒಂದು ಹದಕ್ಕೆ ಬಂದ ಮೇಲೆ ವೈದ್ಯರನ್ನು ಕೆಲವು ತಿಂಗಳಿಗೊಮ್ಮೆ ಕಂಡರೆ ಸಾಕು. ಔಷಧಿ ಅಂಗಡಿಗೆ ಮಾತ್ರ ತಿಂಗಳು ತಿಂಗಳೂ ಹೋಗಬೇಕು. ಆದ್ದರಿಂದ ಈ ಚಿಕಿತ್ಸೆ ಸರಾಗವಾಗಿ ಸಾಗುವುದೋ ಅರ್ಧಕ್ಕೆ ನಿಲ್ಲುವುದೋ ಎನ್ನುವುದು ಆಸ್ಪತ್ರೆಗಿಂತ ಹೆಚ್ಚಾಗಿ ಮೆಡಿಕಲ್ ಸ್ಟೋರಿನ ಕೌಂಟರಿನಲ್ಲಿ ತೀರ್ಮಾನವಾಗುತ್ತದೆ.

ಬೆಂಗಳೂರಿನಲ್ಲಿ ಒಂದು ಅಂಗಡಿಯಲ್ಲಿ ಸಿಗದಿದ್ದರೆ ಪಕ್ಕದ ರಸ್ತೆಯಲ್ಲಿ ಇನ್ನೊಂದಿದೆ. ಮಂಡ್ಯ ನಗರದ ಗುತ್ತಲಿನಂಥ ಬಡಾವಣೆಯ ಸ್ಥಿತಿ ಬೇರೆ. ಅಲ್ಲಿ ಅಂಗಡಿಯವರಿಗೆ ಗಿರಾಕಿಯ ಮುಖ ಗೊತ್ತು, ಮನೆ ಗೊತ್ತು, ಅಪ್ಪನ ಹೆಸರೂ ಗೊತ್ತು. ನಗರದಲ್ಲಿ ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಇದೆ, ಅಂದರೆ ಜನರ ಬಾಯಲ್ಲಿ ಮಿಮ್ಸ್. ಆದರೂ ಹಾರ್ಮೋನ್ ತಜ್ಞರನ್ನು ಹುಡುಕಿಕೊಂಡು ಜಿಲ್ಲೆಯ ಜನ ಹೆಚ್ಚಾಗಿ ಸುಮಾರು 45 ಕಿಲೋಮೀಟರ್ ದೂರದ ಮೈಸೂರಿಗೋ 100 ಕಿಲೋಮೀಟರ್ ದೂರದ ಬೆಂಗಳೂರಿಗೋ ಹೋಗುತ್ತಾರೆ. ಚೀಟಿ ಅಲ್ಲಿ ಬರೆಸಿಕೊಂಡದ್ದು, ಔಷಧ ಕೊಳ್ಳಬೇಕಾದದ್ದು ಇಲ್ಲಿ. 2011ರ ಜನಗಣತಿಯ ‘ಇತರೆ’ ಕಾಲಂನಲ್ಲಿ ಕರ್ನಾಟಕದ 20,266 ಜನರನ್ನು ಬರೆದುಕೊಳ್ಳಲಾಗಿತ್ತು. ಎಣಿಕೆಗೆ ಸಿಗದವರೂ ಸೇರಿದರೆ ಸಂಖ್ಯೆ ಇದಕ್ಕಿಂತ ಹೆಚ್ಚೇ ಆದೀತು. ಅವರೆಲ್ಲ ಹಾರ್ಮೋನ್ ತೆಗೆದುಕೊಳ್ಳುವವರಲ್ಲ. ಬೇಡವೆನ್ನುವವರಿದ್ದಾರೆ, ಬೇಕಿದ್ದೂ ಸಿಗದವರಿದ್ದಾರೆ.

ಕೌಂಟರಿನ ತೊಡಕು ತಿಳಿಯಬೇಕಾದರೆ ಔಷಧಗಳ ಪರಿಚಯ ಬೇಕು. ಹೆಣ್ಣಾಗಿ ಬದುಕುವ ಟ್ರಾನ್ಸ್ ಮಹಿಳೆಯರಿಗೆ ಮುಖ್ಯವಾಗಿ ಎಸ್ಟ್ರಡಯಾಲ್ ಎಂಬ ಸ್ತ್ರೀ ಹಾರ್ಮೋನ್ ಕೊಡುತ್ತಾರೆ. ಮಾತ್ರೆಯ ರೂಪದಲ್ಲಿ ಅದು ಬಹುಮಟ್ಟಿಗೆ ಎಸ್ಟ್ರಡಯಾಲ್ ವ್ಯಾಲರೇಟ್. ಅದರ ಜೊತೆಗೆ ದೇಹದ ಪುರುಷ ಹಾರ್ಮೋನ್ ಟೆಸ್ಟೋಸ್ಟೆರಾನನ್ನು ಅಡಗಿಸಲು ಸ್ಪೈರೊನೊಲ್ಯಾಕ್ಟೋನ್ ಅಥವಾ ಸೈಪ್ರೊಟೆರೋನ್ ಬರೆಯುತ್ತಾರೆ. ಟ್ರಾನ್ಸ್ ಪುರುಷರಿಗೆ ಕೊಡುವುದು ಟೆಸ್ಟೋಸ್ಟೆರಾನ್, ನಮ್ಮಲ್ಲಿ ಹೆಚ್ಚಾಗಿ ಇಂಜೆಕ್ಷನ್. ಇವುಗಳಲ್ಲಿ ಒಂದೂ ಟ್ರಾನ್ಸ್ ಜನರಿಗೆಂದೇ ತಯಾರಾದ ಔಷಧವಲ್ಲ. ಎಸ್ಟ್ರಡಯಾಲ್ ವ್ಯಾಲರೇಟ್ ಮುಟ್ಟು ನಿಂತ ಮಹಿಳೆಯರಿಗೆ ಮತ್ತು ಬಂಜೆತನದ ಚಿಕಿತ್ಸೆಗೆ ಬಳಕೆಯಲ್ಲಿರುವಂಥದ್ದು. ಸ್ಪೈರೊನೊಲ್ಯಾಕ್ಟೋನ್ ಹೃದಯ ಮತ್ತು ಲಿವರ್ ರೋಗಿಗಳಿಗೆ ಮೈಯ ನೀರು ಇಳಿಸುವ ಮಾತ್ರೆ. ಟೆಸ್ಟೋಸ್ಟೆರಾನ್, ಅದರ ಕೊರತೆಯಿರುವ ಗಂಡಸರಿಗೆ ಕೊಡುವ ಇಂಜೆಕ್ಷನ್.

ಅಂಗಡಿಯ ಕಪಾಟಿನಲ್ಲಿ ಏನಿರುತ್ತದೆ ಎಂಬುದು ಸುತ್ತಮುತ್ತಲಿನ ವೈದ್ಯರು ಏನು ಬರೆಯುತ್ತಾರೆ ಎಂಬುದರ ಮೇಲೆ ನಿಂತಿದೆ. ಸ್ಪೈರೊನೊಲ್ಯಾಕ್ಟೋನ್ ಸಣ್ಣ ಊರಲ್ಲೂ ಸಿಗುತ್ತದೆ, ಯಾಕೆಂದರೆ ಹೃದ್ರೋಗಿಗಳು ಎಲ್ಲೆಡೆ ಇದ್ದಾರೆ. ಎಸ್ಟ್ರಡಯಾಲ್ ಸಿಗುವುದು ಹೆರಿಗೆ ಮತ್ತು ಬಂಜೆತನದ ಆಸ್ಪತ್ರೆಗಳ ಪಕ್ಕದ ಅಂಗಡಿಗಳಲ್ಲಿ. ಟೆಸ್ಟೋಸ್ಟೆರಾನ್ ಇಂಜೆಕ್ಷನ್ನನ್ನು ಬಡಾವಣೆಯ ಅಂಗಡಿಯವರು ತರಿಸಿಡುವುದು ಅಪರೂಪ. ‘ಸ್ಟಾಕ್ ಇಲ್ಲ, ನಾಳೆ ಬನ್ನಿ’ ಎಂಬ ಉತ್ತರ ಎಷ್ಟೋ ಸಲ ನಿಜವೇ ಆಗಿರುತ್ತದೆ. ತಿಂಗಳಿಗೆ ಒಬ್ಬರೇ ಕೊಳ್ಳುವ ಮಾಲನ್ನು ತರಿಸಿ, ಅವಧಿ ಮುಗಿದು ನಷ್ಟ ಮಾಡಿಕೊಳ್ಳಲು ಸಣ್ಣ ಅಂಗಡಿಯವರು ಹಿಂಜರಿಯುತ್ತಾರೆ. ಇಂಥ ಗಿರಾಕಿ ಪ್ರತಿ ತಿಂಗಳೂ ಬಂದೇ ಬರುತ್ತಾರೆ ಎಂದು ಒಮ್ಮೆ ಗೊತ್ತಾದರೆ ಡಿಸ್ಟ್ರಿಬ್ಯೂಟರ್‌ಗೆ ಆರ್ಡರ್ ಹಾಕಿ ತರಿಸುವುದು ದೊಡ್ಡ ಕೆಲಸವಲ್ಲ. ವ್ಯಾಪಾರದ ದೃಷ್ಟಿಯಿಂದಲೂ ಬಿಪಿ ಮಾತ್ರೆಯವರಷ್ಟೇ ಖಾಯಂ ಗಿರಾಕಿ ಇವರು.

ತೊಡಕು ಶುರುವಾಗುವುದು ಔಷಧ ಅಂಗಡಿಯಲ್ಲಿದ್ದೂ ಪ್ರಶ್ನೆಗಳು ಬಂದಾಗ. ‘ಇದು ಹೆಣ್ಮಕ್ಕಳ ಮಾತ್ರೆ ಕಣಪ್ಪ, ಯಾರಿಗೆ ಬೇಕಿತ್ತು?’ ಎಂಬ ಮಾತು ಪಕ್ಕದಲ್ಲಿ ನಾಲ್ಕು ಜನ ನಿಂತಿರುವಾಗ ಬಂದರೆ, ಕೇಳಿದವರಿಗೆ ಅದು ಸಹಜ ವಿಚಾರಣೆ. ಉತ್ತರಿಸಬೇಕಾದವರಿಗೆ ಮಾತ್ರ ಬಡಾವಣೆಯ ಮುಂದೆ ತನ್ನ ಗುಟ್ಟು ಬಿಚ್ಚಿಡುವ ಹೊತ್ತು. ಅಕ್ಕನಿಗೆ, ಹೆಂಡತಿಗೆ ಎಂದು ಸುಳ್ಳು ಹೇಳಿ ಪಾರಾಗುವವರಿದ್ದಾರೆ. ಆ ಸುಳ್ಳಿಗೆ ವೈದ್ಯಕೀಯ ಬೆಲೆ ತೆರಬೇಕಾಗುತ್ತದೆ: ಫಾರ್ಮಸಿಸ್ಟ್ ಕೊಡುವ ಎಚ್ಚರಿಕೆಯ ಮಾತು ಇಲ್ಲದ ಅಕ್ಕನಿಗೆ ಅನ್ವಯಿಸುತ್ತದೆಯೇ ಹೊರತು ಮಾತ್ರೆ ನುಂಗುವವರಿಗಲ್ಲ. ಟ್ರಾನ್ಸ್ ಪುರುಷರು ಎದುರಿಸುವ ಅನುಮಾನ ಬೇರೆ ಬಗೆಯದು. ಜಿಮ್‌ಗಳಲ್ಲಿ ಮೈಕಟ್ಟು ಬೆಳೆಸಲು ಟೆಸ್ಟೋಸ್ಟೆರಾನ್ ದುರುಪಯೋಗವಾಗುವುದು ಅಂಗಡಿಯವರಿಗೆಲ್ಲ ಗೊತ್ತು. ಸರಿಯಾದ ಚೀಟಿ ಹಿಡಿದು ಬಂದವರನ್ನೂ ಅದೇ ಸಾಲಿಗೆ ಸೇರಿಸುತ್ತಾರೆ.

ಕಾನೂನು ಈ ವಿಷಯದಲ್ಲಿ ಏನು ಹೇಳುತ್ತದೆ? ಸ್ತ್ರೀ ಮತ್ತು ಪುರುಷ ಹಾರ್ಮೋನುಗಳು, ಸ್ಪೈರೊನೊಲ್ಯಾಕ್ಟೋನ್, ಇವೆಲ್ಲ 1945ರ ಡ್ರಗ್ಸ್ ರೂಲ್ಸ್‌ನ ಷೆಡ್ಯೂಲ್ ಎಚ್‌ಗೆ ಸೇರಿದವು. ನೋಂದಾಯಿತ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಚೀಟಿಯಲ್ಲಿ ರೋಗಿಯ ಹೆಸರು, ವಿಳಾಸ, ಔಷಧದ ಒಟ್ಟು ಪ್ರಮಾಣ, ತೆಗೆದುಕೊಳ್ಳುವ ಡೋಸ್, ವೈದ್ಯರ ಸಹಿ ಮತ್ತು ದಿನಾಂಕ ಇರಬೇಕು ಎನ್ನುತ್ತದೆ 65ನೇ ನಿಯಮ. ಇಂಥ ಔಷಧ ಇಂಥ ಲಿಂಗದವರಿಗೆ ಮಾತ್ರ ಎಂಬ ಷರತ್ತು ಅದರಲ್ಲಿ ಎಲ್ಲಿಯೂ ಇಲ್ಲ. ಗಂಡು ಹೆಸರಿನ ಚೀಟಿಗೆ ಎಸ್ಟ್ರಡಯಾಲ್ ಕೊಟ್ಟರೆ ಲೈಸೆನ್ಸ್ ಹೋಗುತ್ತದೆ ಎಂಬ ಭಯ ಆಧಾರವಿಲ್ಲದ್ದು.

ಅದೇ ನಿಯಮದ ಇನ್ನೊಂದು ಮಗ್ಗುಲನ್ನು ಗಿರಾಕಿಗಳೂ ತಿಳಿದಿರಬೇಕು. ಇಷ್ಟು ಸಲ ಅಥವಾ ಇಷ್ಟು ದಿನಕ್ಕೊಮ್ಮೆ ಕೊಡಬಹುದು ಎಂದು ವೈದ್ಯರು ಬರೆಯದಿದ್ದರೆ, ಷೆಡ್ಯೂಲ್ ಎಚ್ ಔಷಧದ ಚೀಟಿಗೆ ಒಂದೇ ಸಲ ಔಷಧ ಕೊಡಬೇಕು. ಕಳೆದ ವರ್ಷದ ಚೀಟಿ ತೋರಿಸಿದಾಗ ಫಾರ್ಮಸಿಸ್ಟ್ ಇಲ್ಲವೆಂದರೆ ಅದು ತಾರತಮ್ಯವಲ್ಲ. ಆದರೆ ನಮ್ಮ ಊರುಗಳಲ್ಲಿ ಬಿಪಿ, ಶುಗರ್ ಮಾತ್ರೆಗಳನ್ನು ಹಳೆಯ ಸ್ಟ್ರಿಪ್ ತೋರಿಸಿ ಕೊಳ್ಳುವುದು ದಿನನಿತ್ಯದ ರೂಢಿ. ಅವಕ್ಕೆಲ್ಲ ಮರೆತುಹೋಗುವ ನಿಯಮ ಹಾರ್ಮೋನ್ ಕೇಳಿದವರ ಮುಂದೆ ಮಾತ್ರ ನೆನಪಾಗುವುದಿದ್ದರೆ, ಅದನ್ನು ನಿಯಮಪಾಲನೆ ಎನ್ನಲಾಗದು. ಪರಿಹಾರ ವೈದ್ಯರ ಪೆನ್ನಿನಲ್ಲಿದೆ. ‘ಮೂರು ತಿಂಗಳು, ತಿಂಗಳಿಗೊಮ್ಮೆ ಕೊಡುವುದು’ ಎಂಬ ಒಂದು ಸಾಲು ಬರೆದರೆ ಮೈಸೂರಿನ ಎರಡು ಓಡಾಟ ಉಳಿಯುತ್ತದೆ. ಶಕ್ತಿ ಯೋಜನೆಯಡಿ 2023ರ ಜೂನ್ 11ರಿಂದ ಮಹಿಳೆಯರೊಂದಿಗೆ ಲಿಂಗತ್ವ ಅಲ್ಪಸಂಖ್ಯಾತರಿಗೂ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ದರ ಇಲ್ಲ, ನಿಜ. ಕಳೆದುಕೊಳ್ಳುವ ದಿನಗೂಲಿಯನ್ನು ಯಾರೂ ಕೊಡುವುದಿಲ್ಲ.

‘ಬೇರೆ ಕಂಪನಿದು ಕೊಡ್ಲಾ?’ ಎಂಬ ಮಾತಿನಲ್ಲೂ ಎಚ್ಚರ ಬೇಕು. ಚೀಟಿಯಲ್ಲಿ ಬರೆದ ಷೆಡ್ಯೂಲ್ ಎಚ್ ಔಷಧದ ಬದಲು ಬೇರೊಂದನ್ನು ಕೊಡುವುದು ನಿಯಮಕ್ಕೆ ವಿರುದ್ಧ. ವೈದ್ಯರು ಬ್ರ್ಯಾಂಡ್ ಬಿಟ್ಟು ಔಷಧದ ಮೂಲ ಹೆಸರನ್ನೇ ಬರೆದಿದ್ದರೆ ಯಾವ ಕಂಪನಿಯದ್ದಾದರೂ ನಡೆಯುತ್ತದೆ. ಆದರೆ ಹಾರ್ಮೋನ್ ವಿಷಯದಲ್ಲಿ ಕಂಪನಿ ಬದಲಿಸುವುದಕ್ಕೂ ಔಷಧವನ್ನೇ ಬದಲಿಸುವುದಕ್ಕೂ ನಡುವಿನ ಗೆರೆ ಸುಲಭವಾಗಿ ಅಳಿಸಿಹೋಗುತ್ತದೆ. ಸೈಪ್ರೊಟೆರೋನ್ ಎಂದು ಬರೆದಲ್ಲಿ ಡಯಾನ್-35ರಂಥ ಮಾತ್ರೆ ಕೊಟ್ಟರೆ, ಅದರಲ್ಲಿ ಸೈಪ್ರೊಟೆರೋನ್ ಇರುವುದು 2 ಮಿಲಿಗ್ರಾಂ ಮಾತ್ರ. ಜೊತೆಗೆ ವೈದ್ಯರು ಬರೆಯದ ಎಥಿನೈಲ್ ಎಸ್ಟ್ರಡಯಾಲ್ ಸೇರಿರುತ್ತದೆ.

ಈ ಎಥಿನೈಲ್ ಎಸ್ಟ್ರಡಯಾಲ್ ಇಡೀ ವಿಷಯದ ಅಪಾಯದ ತಾಣ. ಅಂಗಡಿಯಲ್ಲಿ ಮುಜುಗರ ಅನುಭವಿಸಿದವರು, ಚೀಟಿಯೇ ಸಿಗದವರು ಬಹಳ ಕಾಲದಿಂದ ಮೊರೆ ಹೋಗಿರುವುದು ಗರ್ಭನಿರೋಧಕ ಮಾತ್ರೆಗಳಿಗೆ. ಮಾಲಾ-ಡಿ ಅಗ್ಗ, ಅದನ್ನು ಕೊಳ್ಳುವವರನ್ನು ಯಾರೂ ಏನೂ ಕೇಳುವುದಿಲ್ಲ, ಅಂಥ ಮಾತ್ರೆ ಆಶಾ ಕಾರ್ಯಕರ್ತೆಯರ ಬಳಿಯೂ ಸಿಗುತ್ತದೆ. ಅದರ ಒಂದು ಮಾತ್ರೆಯಲ್ಲಿ 0.03 ಮಿಲಿಗ್ರಾಂ ಎಥಿನೈಲ್ ಎಸ್ಟ್ರಡಯಾಲ್, 0.15 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ ಇವೆ. ಬೇಗ ಪರಿಣಾಮ ಬರಲೆಂದು ಗೆಳತಿಯರ ಮಾತು ಕೇಳಿ ದಿನಕ್ಕೆ ಹಲವು ಮಾತ್ರೆ ನುಂಗುವವರಿದ್ದಾರೆ. ಎಥಿನೈಲ್ ಎಸ್ಟ್ರಡಯಾಲ್ ರಕ್ತ ಹೆಪ್ಪುಗಟ್ಟುವ ಅಪಾಯವನ್ನು ಹೆಚ್ಚಿಸುತ್ತದೆ. ಬೀಡಿ ಸಿಗರೇಟು ಸೇದುವವರಲ್ಲಿ ಇನ್ನೂ ಹೆಚ್ಚು. ಲೆವೊನಾರ್ಜೆಸ್ಟ್ರೆಲ್‌ಗೋ ಸ್ವಲ್ಪ ಮಟ್ಟಿಗೆ ಪುರುಷ ಹಾರ್ಮೋನಿನ ಗುಣವೇ ಇದೆ. ಅಂದರೆ ಅಪಾಯ ಹೆಚ್ಚು, ಬಯಸಿದ ಫಲ ಕಡಿಮೆ. ಟ್ರಾನ್ಸ್‌ಜೆಂಡರ್ ಆರೋಗ್ಯದ ಜಾಗತಿಕ ವೃತ್ತಿಪರ ಸಂಘಟನೆ ಡಬ್ಲ್ಯುಪಾಥ್ 2022ರಲ್ಲಿ ಪ್ರಕಟಿಸಿದ ಎಂಟನೆಯ ಆವೃತ್ತಿಯ ಮಾರ್ಗಸೂಚಿ ಈ ಚಿಕಿತ್ಸೆಗೆ ಎಥಿನೈಲ್ ಎಸ್ಟ್ರಡಯಾಲ್ ಬಳಸಬಾರದೆಂದೇ ಹೇಳುತ್ತದೆ. ಒಂದು ಕಾಲಿನ ಮೀನಖಂಡ ಊದಿ ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಎದೆನೋವು, ಇವು ಕಂಡರೆ ಮಾತ್ರೆಯ ವಿಷಯ ಮುಚ್ಚಿಡದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಒಳ್ಳೆಯ ಫಾರ್ಮಸಿಸ್ಟ್ ಎರಡು ಮಾತು ಹೇಳಿದರೆ ತಪ್ಪುವ ತೊಂದರೆಗಳು ಇನ್ನೂ ಇವೆ. ಸ್ಪೈರೊನೊಲ್ಯಾಕ್ಟೋನ್ ದೇಹದಲ್ಲಿ ಪೊಟ್ಯಾಸಿಯಂ ಉಳಿಸುವ ಮಾತ್ರೆ. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ. ಮಂಡ್ಯ ಜಿಲ್ಲೆಯ ಮದ್ದೂರಿನ ಎಳನೀರು ಮಾರುಕಟ್ಟೆ ದೇಶದಲ್ಲೇ ಹೆಸರಾದದ್ದು. ಆ ಜಿಲ್ಲೆಯಲ್ಲಿ ಎಳನೀರು ಕುಡಿಯಬೇಡಿ ಎಂದರೆ ನಗುತ್ತಾರೆ. ಆದರೆ ಈ ಮಾತ್ರೆ ತೆಗೆದುಕೊಳ್ಳುವವರು, ಅದರಲ್ಲೂ ಕಿಡ್ನಿ ತೊಂದರೆ ಇರುವವರು ಮತ್ತು ಕೆಲವು ಬಗೆಯ ಬಿಪಿ ಮಾತ್ರೆ ನುಂಗುವವರು, ದಿನವೂ ಎಷ್ಟು ಕುಡಿಯಬಹುದೆಂದು ವೈದ್ಯರನ್ನು ಕೇಳಿಕೊಳ್ಳುವುದು ಕ್ಷೇಮ. ಪೊಟ್ಯಾಸಿಯಂ ಮಟ್ಟದ ರಕ್ತಪರೀಕ್ಷೆಯೂ ಕಾಲಕಾಲಕ್ಕೆ ಬೇಕು. ಟೆಸ್ಟೋಸ್ಟೆರಾನ್‌ನಲ್ಲಿ ನೋಡಬೇಕಾದದ್ದು ರಕ್ತ ಮಂದವಾಗುತ್ತಿದೆಯೇ ಎಂಬುದು. ಅದಕ್ಕೆ ಹೆಮಟೋಕ್ರಿಟ್ ಪರೀಕ್ಷೆ ಮಾಡಿಸುತ್ತಾರೆ. ಸಸ್ಟನಾನ್ ಇಂಜೆಕ್ಷನ್ನಿನಲ್ಲಿ ಕಡಲೆಕಾಯಿ ಎಣ್ಣೆ ಇದೆ, ಕಡಲೆಕಾಯಿ ಅಲರ್ಜಿ ಇರುವವರಿಗೆ ಅದು ಆಗದು. ಎಚ್‌ಐವಿಗೆ ಕೊಡುವ ಎಫಾವಿರೆಂಜ್‌ನಂಥ ಕೆಲವು ಮಾತ್ರೆಗಳು ರಕ್ತದಲ್ಲಿ ಎಸ್ಟ್ರಡಯಾಲ್ ಪ್ರಮಾಣವನ್ನು ತಗ್ಗಿಸುತ್ತವೆ. 2015ರ ಫಾರ್ಮಸಿ ಪ್ರಾಕ್ಟೀಸ್ ರೆಗ್ಯುಲೇಷನ್ಸ್ ಪ್ರಕಾರ ರೋಗಿಗೆ ಇಂಥ ತಿಳಿವಳಿಕೆ ಕೊಡುವುದೂ ರೋಗಿಯ ಗುಟ್ಟು ಕಾಪಾಡುವುದೂ ಫಾರ್ಮಸಿಸ್ಟರ ಕೆಲಸವೇ. ಹಲವು ಅಂಗಡಿಗಳಲ್ಲಿ ಗೋಡೆಯ ಮೇಲೆ ಸರ್ಟಿಫಿಕೇಟ್ ಇರುವವರೇ ಬೇರೆ, ಕೌಂಟರಿನಲ್ಲಿ ನಿಂತವರೇ ಬೇರೆ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ.

ಹೆಸರಿನದು ಇನ್ನೊಂದು ಪಾಡು. ಆಧಾರ್‌ನಲ್ಲಿ ಹಳೆಯ ಹೆಸರು, ಚೀಟಿಯಲ್ಲಿ ಹೊಸದು, ಎದುರಿಗೆ ನಿಂತವರ ರೂಪ ಇವೆರಡಕ್ಕೂ ಹೊಂದದ್ದು. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣೆ ಕಾಯ್ದೆ ಜಿಲ್ಲಾಧಿಕಾರಿಯಿಂದ ಗುರುತಿನ ಪ್ರಮಾಣಪತ್ರ ಪಡೆದು ದಾಖಲೆಗಳನ್ನು ಬದಲಿಸಿಕೊಳ್ಳುವ ದಾರಿ ಮಾಡಿತು. ಅರ್ಜಿಗೆ 2020ರ ನವೆಂಬರ್‌ನಲ್ಲಿ ರಾಷ್ಟ್ರೀಯ ಪೋರ್ಟಲ್ ಬಂತು. ಹಾಗೆಂದು ಔಷಧ ಕೊಳ್ಳಲು ಗುರುತಿನ ಚೀಟಿ ತೋರಿಸಬೇಕೆಂದು 65ನೇ ನಿಯಮ ಹೇಳಿಲ್ಲ. ಬಿಲ್ಲಿನಲ್ಲಿ ಚೀಟಿಯಲ್ಲಿರುವ ಹೆಸರು ಬರೆದರೆ ಆಯಿತು. ಅದನ್ನು ಗಟ್ಟಿಯಾಗಿ ಕೂಗಿ ಕರೆಯುವ ಅಗತ್ಯವೂ ಇಲ್ಲ.

ಔಷಧ ತಪ್ಪಿದರೆ ಏನಾಗುತ್ತದೆ ಎಂಬುದನ್ನು 2020ರ ಲಾಕ್‌ಡೌನ್ ತೋರಿಸಿತು. ದೇಶದ ಹಲವೆಡೆ ಟ್ರಾನ್ಸ್ ಜನ ಹಾರ್ಮೋನ್ ಸಿಗದೆ ಪರದಾಡಿದರು. ಕೆಲವು ದಿನದ ತಡೆ ಎಲ್ಲರಿಗೂ ಒಂದೇ ರೀತಿ ತಟ್ಟುವುದಿಲ್ಲ. ಶಸ್ತ್ರಚಿಕಿತ್ಸೆಯಲ್ಲಿ ವೃಷಣ ಅಥವಾ ಅಂಡಾಶಯ ತೆಗೆಸಿಕೊಂಡವರ ದೇಹ ತಾನಾಗಿ ಲೈಂಗಿಕ ಹಾರ್ಮೋನುಗಳನ್ನು ಸಾಕಷ್ಟು ತಯಾರಿಸಲಾರದು. ಅಂಥವರಿಗೆ ದೀರ್ಘಕಾಲ ಔಷಧ ತಪ್ಪಿದರೆ ಮೈ ಬಿಸಿಯೇರುವುದು, ಸುಸ್ತು, ಕ್ರಮೇಣ ಮೂಳೆ ಸವೆತ.

ವೈದ್ಯರು, ಆಪ್ತಸಲಹೆ, ಔಷಧ ಎಲ್ಲ ಒಂದೇ ಸೂರಿನಡಿ ಸಿಗುವ ವ್ಯವಸ್ಥೆಯನ್ನು ಹೈದರಾಬಾದಿನ ಮಿತ್ರ್ ಕ್ಲಿನಿಕ್ 2021ರಲ್ಲಿ ಆರಂಭಿಸಿತ್ತು. ಅಮೆರಿಕದ ನೆರವಿನ ಹಣ ನಿಂತದ್ದರಿಂದ 2025ರ ಜನವರಿಯಲ್ಲಿ ಅದು ಬಾಗಿಲು ಮುಚ್ಚಿತು. ಪರದೇಶದ ದುಡ್ಡಿನ ಮೇಲೆ ನಿಂತ ಆರೋಗ್ಯಸೇವೆಯ ಆಯುಸ್ಸು ಅಷ್ಟೇ. ಸರ್ಕಾರಿ ಕಡೆಯಿಂದ 2022ರ ಆಗಸ್ಟ್‌ನಲ್ಲಿ ಘೋಷಣೆಯಾದ ಆಯುಷ್ಮಾನ್ ಭಾರತ್ ಟಿಜಿ ಪ್ಲಸ್ ವರ್ಷಕ್ಕೆ 5 ಲಕ್ಷ ರೂಪಾಯಿಯ ವಿಮೆಯಲ್ಲಿ ಹಾರ್ಮೋನ್ ಚಿಕಿತ್ಸೆಯನ್ನೂ ಸೇರಿಸಿದೆ. ಆದರೆ ಆಯುಷ್ಮಾನ್ ಮೂಲತಃ ನೋಂದಾಯಿತ ಆಸ್ಪತ್ರೆಗಳ ಒಳರೋಗಿಗಳಿಗಾಗಿ ಕಟ್ಟಿದ ವಿಮೆ. ಬಡಾವಣೆಯ ಅಂಗಡಿಯಲ್ಲಿ ತಿಂಗಳು ತಿಂಗಳೂ ಆಗುವ ಬಿಲ್ಲು ಕೈಯಿಂದಲೇ ಹೋಗುವಂಥದ್ದು. ಜಿಲ್ಲಾಸ್ಪತ್ರೆಯ ಔಷಧ ವಿತರಣಾ ಕೇಂದ್ರದಲ್ಲೇ ಈ ಮೂರು ನಾಲ್ಕು ಔಷಧ ಖಾಯಂ ಸಿಗುವಂತಾದರೆ ಅರ್ಧ ಸಮಸ್ಯೆ ಕೌಂಟರಿಗೆ ಬರುವ ಮೊದಲೇ ಮುಗಿದೀತು.

ಸರಿಯಾದ ಚೀಟಿಯಿದ್ದು, ಔಷಧವಿದ್ದು, ವ್ಯಕ್ತಿ ಟ್ರಾನ್ಸ್‌ಜೆಂಡರ್ ಎಂಬ ಕಾರಣಕ್ಕೇ ಕೊಡದಿರುವುದು 2019ರ ಕಾಯ್ದೆಯ 3ನೇ ಸೆಕ್ಷನ್ ನಿಷೇಧಿಸಿರುವ ತಾರತಮ್ಯ. ಆ ಸೆಕ್ಷನ್ನಿನ ಉಲ್ಲಂಘನೆಗೆ ನೇರ ಶಿಕ್ಷೆ ಬರೆದಿಲ್ಲವೆಂಬುದು ಕಾಯ್ದೆಯ ಮೇಲಿನ ಹಳೆಯ ದೂರು, ಸರಿಯಾದ ದೂರು ಕೂಡ. ಆದರೂ ದಾರಿಗಳಿವೆ. 2020ರ ನಿಯಮಗಳ ಪ್ರಕಾರ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿಯ ಉಸ್ತುವಾರಿಯಲ್ಲಿ ಟ್ರಾನ್ಸ್‌ಜೆಂಡರ್ ರಕ್ಷಣಾ ಕೋಶ ಇರಬೇಕು. ಫಾರ್ಮಸಿಸ್ಟರ ನಡತೆಯ ಬಗ್ಗೆ ಕರ್ನಾಟಕ ರಾಜ್ಯ ಫಾರ್ಮಸಿ ಪರಿಷತ್ತಿಗೆ, ಔಷಧ ಮಾರಾಟದ ಬಗ್ಗೆ ಜಿಲ್ಲೆಯ ಔಷಧ ನಿಯಂತ್ರಣ ಅಧಿಕಾರಿಗಳಿಗೆ ಬರೆಯಬಹುದು. ದೂರಿನಲ್ಲಿ ಚೀಟಿಯ ನಕಲು, ಹೋದ ದಿನಾಂಕ, ಅಂಗಡಿಯ ಲೈಸೆನ್ಸ್ ನಂಬರ್ ಇರಲಿ. ಲೈಸೆನ್ಸನ್ನು ಗಿರಾಕಿಗಳಿಗೆ ಕಾಣುವ ಜಾಗದಲ್ಲಿ ತೂಗುಹಾಕಿರಬೇಕೆಂಬುದು ಅಂಗಡಿಯವರು ಒಪ್ಪಿಕೊಂಡಿರುವ ಷರತ್ತು.