ಮೈಯೊಳಗಿನ ಲೋಹಕ್ಕೂ ಒಂದು ನಂಬರು

ಖಾನಾಪುರ ತಾಲ್ಲೂಕಿನ ಬೀಡಿ ಊರಿನ ಕಡೆ ಆಪರೇಶನ್ ಮಾಡಿಸಿಕೊಂಡು ಬಂದವರನ್ನು ಮಾತಾಡಿಸಿದರೆ ‘ಸ್ಟೆಂಟ್ ಹಾಕ್ಯಾರ’, ‘ಒಳಗ ರಾಡ್ ಕೂಡ್ಸ್ಯಾರ’ ಎನ್ನುತ್ತಾರೆ. ಯಾವ ಕಂಪನಿಯದು, ಯಾವ ಬ್ಯಾಚಿನದು ಎಂದರೆ ಉತ್ತರವಿರುವುದಿಲ್ಲ. ಅದು ಅವರ ತಪ್ಪಲ್ಲ, ಅವರಿಗೆ ಯಾರೂ ಹೇಳಿರುವುದಿಲ್ಲ. ಗುಳಿಗೆ ಸರಿಯಿಲ್ಲವೆಂದು ಗೊತ್ತಾದರೆ ನುಂಗುವುದನ್ನು ಬಿಡಬಹುದು. ಮೈಯೊಳಗೆ ಕೂಡಿಸಿದ್ದು ಕೆಟ್ಟರೆ, ಅದು ಯಾರ ಮೈಯಲ್ಲಿದೆ ಎಂಬುದೇ ಮೊದಲ ಪ್ರಶ್ನೆ.

ಈ ಪ್ರಶ್ನೆಯನ್ನು ಜೋರಾಗಿ ಎತ್ತಿದ್ದು ಬ್ಯೋರ್ಕ್–ಶೈಲಿ ಎಂಬ ಹೃದಯದ ಕವಾಟ. 1979ರಿಂದ 1986ರವರೆಗೆ ಮಾರಾಟವಾದ ಅದರ ಒಂದು ಮಾದರಿಯಲ್ಲಿ ಲೋಹದ ಕೊಂಡಿ ಮುರಿದು ನೂರಾರು ಜನ ಸತ್ತರು. 1990ರಲ್ಲಿ ಅಮೆರಿಕ ಇಂಥ ಸಾಧನಗಳ ಜಾಡು ಇಟ್ಟುಕೊಳ್ಳಬೇಕೆಂದು ಕಾನೂನು ಮಾಡಿತು. 2013ರಲ್ಲಿ ಸಾಧನಗಳಿಗೆ ಗುರುತಿನ ಸಂಖ್ಯೆ ಇರಬೇಕೆಂಬ ನಿಯಮ ಬಂತು.

ನಮ್ಮಲ್ಲಿ ಏನಾಯಿತು? ಜಾನ್ಸನ್ ಆ್ಯಂಡ್ ಜಾನ್ಸನ್‌ನ ಅಂಗಸಂಸ್ಥೆ ಡಿಪ್ಯೂ ತಯಾರಿಸಿದ ಎಎಸ್ಆರ್ ಸೊಂಟದ ಕೀಲನ್ನು ಭಾರತದಲ್ಲಿ ಸುಮಾರು 4,700 ಆಪರೇಶನ್‌ಗಳಲ್ಲಿ ಬಳಸಲಾಗಿತ್ತು. ಲೋಹಕ್ಕೆ ಲೋಹ ಉಜ್ಜಿ ಕೋಬಾಲ್ಟ್, ಕ್ರೋಮಿಯಂ ರಕ್ತಕ್ಕೆ ಸೇರುತ್ತಿದ್ದವು. 2010ರ ಆಗಸ್ಟ್‌ನಲ್ಲಿ ಕಂಪನಿ ಅದನ್ನು ಜಗತ್ತಿನಾದ್ಯಂತ ಹಿಂದಕ್ಕೆ ಪಡೆಯಿತು. ಕಪಾಟಿನಲ್ಲಿದ್ದ ಮಾಲು ಹಿಂದೆ ಹೋಯಿತು, ಸೊಂಟದೊಳಗಿದ್ದದ್ದು ಹೇಗೆ ಹೋದೀತು? ಕೇಂದ್ರ ಸರ್ಕಾರದ ತಜ್ಞರ ಸಮಿತಿ ವಿಚಾರಣೆ ನಡೆಸಿದಾಗ 3,600ಕ್ಕೂ ಹೆಚ್ಚು ರೋಗಿಗಳ ಪತ್ತೆಯೇ ಇರಲಿಲ್ಲ. ಪರಿಹಾರ ಕೊಡಬೇಕೆಂದರೂ ವಿಳಾಸವಿಲ್ಲ. ಇದಕ್ಕಿಂತ ದೊಡ್ಡ ಅನ್ಯಾಯ ನನಗೆ ಕಾಣುವುದಿಲ್ಲ.

ವೈದ್ಯಕೀಯ ಸಾಧನಗಳಿಂದಾದ ತೊಂದರೆಗಳನ್ನು ದಾಖಲಿಸುವ ರಾಷ್ಟ್ರೀಯ ಕಾರ್ಯಕ್ರಮ 2015ರ ಜುಲೈಯಲ್ಲಿ ಗಾಜಿಯಾಬಾದಿನಲ್ಲಿ ಶುರುವಾಯಿತು. 2017ರ ವೈದ್ಯಕೀಯ ಸಾಧನಗಳ ನಿಯಮಗಳು ಪ್ರತಿ ಸಾಧನದ ಮೇಲೂ ಎರಡು ಭಾಗದ ಗುರುತು ಇರಬೇಕೆಂದವು: ಒಂದು ಮಾದರಿಯನ್ನು ಹೇಳುವುದು, ಇನ್ನೊಂದು ಬ್ಯಾಚು, ಸೀರಿಯಲ್ ನಂಬರು, ತಾರೀಖು ಹೇಳುವುದು. ಗಡುವು 2022ರ ಜನವರಿ 1 ಎಂದಿತ್ತು, ಅದು ಮುಂದಕ್ಕೆ ಹೋಯಿತು. ಸ್ಟೆಂಟ್ ಬೆಲೆಗೆ ಮಿತಿ ಹಾಕಿದ 2017ರ ಆದೇಶವಂತೂ ಬಿಲ್ಲಿನಲ್ಲಿ ಕಂಪನಿ, ಬ್ರ್ಯಾಂಡು, ಬ್ಯಾಚ್ ನಂಬರು ಬರೆಯಬೇಕೆಂದೇ ಹೇಳುತ್ತದೆ.

ಖಾನಾಪುರದಂಥ ಗಡಿಭಾಗದವರಿಗೆ ಈ ಗುರುತು ಇನ್ನೂ ಮುಖ್ಯ. ನಮ್ಮ ಜನ ಬೆಳಗಾವಿಗಷ್ಟೇ ಹೋಗುವುದಿಲ್ಲ. ಹುಬ್ಬಳ್ಳಿ, ಮಿರಜ, ಗೋವಾಕ್ಕೂ ಹೋಗುತ್ತಾರೆ. ಫೈಲು ಬೇರೆ ರಾಜ್ಯದ ದವಾಖಾನೆಯಲ್ಲಿ ಉಳಿಯುತ್ತದೆ, ಮೊಬೈಲ್ ನಂಬರು ಬದಲಾಗುತ್ತದೆ. ಕಾರ್ಖಾನೆಯಿಂದ ದವಾಖಾನೆಯವರೆಗೆ ಬಂದ ಗುರುತು ಮನೆಯವರೆಗೆ ಬರದಿದ್ದರೆ ಎಲ್ಲವೂ ವ್ಯರ್ಥ.

ಮೈಯೊಳಗೆ ಕೂಡಿಸುವ ಸಾಧನದ, ಅಂದರೆ ಇಂಪ್ಲಾಂಟಿನ, ಪೆಟ್ಟಿಗೆಯೊಳಗೆ ಸಾಮಾನ್ಯವಾಗಿ ಕಿತ್ತು ಅಂಟಿಸುವ ಸ್ಟಿಕರ್‌ಗಳು ಬರುತ್ತವೆ. ಒಂದು ಕೇಸ್ ಪೇಪರಿಗೆ ಹೋಗುತ್ತದೆ. ಇನ್ನೊಂದನ್ನು ನಿಮ್ಮ ಡಿಸ್ಚಾರ್ಜ್ ಕಾರ್ಡಿಗೆ ಅಂಟಿಸಿಕೊಡಿ ಎಂದು ಕೇಳಿ, ಫೋಟೊ ತೆಗೆದು ಮನೆಯ ಇಬ್ಬರ ಮೊಬೈಲಿನಲ್ಲಿಡಿ. ಸಾಧನದಿಂದ ತೊಂದರೆಯೆನಿಸಿದರೆ ಗಾಜಿಯಾಬಾದಿನ ಆ ರಾಷ್ಟ್ರೀಯ ಕಾರ್ಯಕ್ರಮದ ಸಹಾಯವಾಣಿ 1800-180-3024ಕ್ಕೆ ಫೋನ್ ಮಾಡಿ, ಶುಲ್ಕವಿಲ್ಲ.