ಧುಮುಕುವ ಮೊದಲು: ಡೈವಿಂಗ್ ಮಕ್ಕಳಿಗೆ ಕಲಿಸುವುದೇನು?

2024ರ ಪ್ಯಾರಿಸ್ ಒಲಿಂಪಿಕ್ಸ್, ಮಹಿಳೆಯರ ಹತ್ತು ಮೀಟರ್ ಪ್ಲಾಟ್‌ಫಾರ್ಮ್ ಫೈನಲ್. ಚೀನಾದ ಕ್ವಾನ್ ಹಾಂಗ್‌ಚಾನ್ ಮಾಡಿದ ಮೊದಲ ಡೈವ್‌ಗೆ ಏಳು ತೀರ್ಪುಗಾರರೂ ಹತ್ತಕ್ಕೆ ಹತ್ತು ಕೊಟ್ಟರು. ಬಂದದ್ದು 90 ಅಂಕ. ಆಗ ಆಕೆಗೆ 17 ವರ್ಷ. ಮೂರು ವರ್ಷ ಮೊದಲೇ ಟೋಕಿಯೊದಲ್ಲಿ ಇದೇ ಸ್ಪರ್ಧೆಯ ಚಿನ್ನ ಗೆದ್ದಿದ್ದಳು. ಗುವಾಂಗ್‌ಡಾಂಗ್ ಪ್ರಾಂತ್ಯದ ಹಳ್ಳಿಯೊಂದರ ರೈತರ ಮನೆಯ ಹುಡುಗಿ. ಶಾಲೆಯಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದಾಗ ಕೋಚ್ ಒಬ್ಬರ ಕಣ್ಣಿಗೆ ಬಿದ್ದು ಕ್ರೀಡಾಶಾಲೆ ಸೇರಿದವಳು. ಕುಂಟೆಬಿಲ್ಲೆಯಲ್ಲಿ ಎತ್ತರವೂ ಇಲ್ಲ, ನೀರೂ ಇಲ್ಲ. ಕೋಚ್ ಗಮನಿಸಿದ್ದು ಅವಳ ನೆಗೆತವನ್ನು.

ಡೈವಿಂಗ್ ಎಂದರೆ ಗುಂಡಿಗೆ ಗಟ್ಟಿ ಇದ್ದವರ ಆಟ ಎಂದುಕೊಂಡಿರುವ ಅಪ್ಪ ಅಮ್ಮಂದಿರು ಮೊದಲು ಅದರ ಅಂಕದ ಲೆಕ್ಕ ನೋಡಬೇಕು. ಕ್ವಾನ್ ಮಾಡಿದ ಆ ಡೈವ್‌ನ ಸಂಕೇತ 107ಬಿ. ಮೊದಲ ಅಂಕಿ 1 ಎಂದರೆ ಮುಂದಕ್ಕೆ ಹಾಕುವ ಲಾಗ. ಕೊನೆಯ 7 ಎಂದರೆ ಏಳು ಅರ್ಧ ಲಾಗ, ಅಂದರೆ ಮೂರೂವರೆ ಸುತ್ತು. ‘ಬಿ’ ಎಂದರೆ ಪೈಕ್, ಮಂಡಿ ಮಡಿಸದೆ ಸೊಂಟದಲ್ಲಷ್ಟೇ ಬಾಗುವ ಭಂಗಿ. ‘ಎ’ ಆಗಿದ್ದರೆ ಮೈ ನೆಟ್ಟಗೆ, ‘ಸಿ’ ಆಗಿದ್ದರೆ ಮಂಡಿಯನ್ನು ಎದೆಗೆ ಅವುಚಿಕೊಳ್ಳುವ ಟಕ್. ಪ್ರತಿ ಡೈವ್‌ಗೂ ಅದು ಎಷ್ಟು ಕಷ್ಟ ಎಂಬುದಕ್ಕೆ ಒಂದು ಸಂಖ್ಯೆ ಮೊದಲೇ ನಿಗದಿಯಾಗಿರುತ್ತದೆ. ಇದರದು 3.0. ಏಳು ಅಂಕಗಳಲ್ಲಿ ಮೇಲಿನ ಎರಡನ್ನೂ ಕೆಳಗಿನ ಎರಡನ್ನೂ ಬಿಟ್ಟು, ಉಳಿದ ಮೂರನ್ನು ಕೂಡಿ, ಆ ಸಂಖ್ಯೆಯಿಂದ ಗುಣಿಸುತ್ತಾರೆ. ಮೂವತ್ತು ಮೂರಲೆ ತೊಂಬತ್ತು. ಯಾವ ಡೈವ್ ಮಾಡುತ್ತೇನೆಂದು ಸ್ಪರ್ಧೆಗೆ ಮೊದಲೇ ಬರೆದುಕೊಡಬೇಕು. ಬರೆದದ್ದನ್ನು ಬಿಟ್ಟು ಬೇರೆ ಮಾಡಿದರೆ ಸೊನ್ನೆ. ಕಷ್ಟದ್ದನ್ನು ಬರೆದು ಕೆಡಿಸಿಕೊಳ್ಳುವುದೋ, ಸುಲಭದ್ದನ್ನು ಅಚ್ಚುಕಟ್ಟಾಗಿ ಮಾಡುವುದೋ? ತನ್ನ ಕೈಲಿ ಎಷ್ಟಾಗುತ್ತದೆ ಎಂದು ತಾನೇ ಅಳೆದುಕೊಳ್ಳುವ ಈ ಬುದ್ಧಿ ಹನ್ನೆರಡು ವರ್ಷದ ಮಗುವಿಗೂ ಬರಲೇಬೇಕಾಗುತ್ತದೆ. ನನ್ನ ಮಟ್ಟಿಗೆ ಈ ಆಟದ ದೊಡ್ಡ ಲಾಭ ಅದೇ.

ಇನ್ನು ಗಾಳಿಯಲ್ಲಿ ನಡೆಯುವುದು. ಹತ್ತು ಮೀಟರ್ ಎಂದರೆ ಹೆಚ್ಚು ಕಡಿಮೆ ಮೂರು ಮಹಡಿ. ಕಾಲು ಬಿಟ್ಟಾಗಿನಿಂದ ನೀರು ಮುಟ್ಟುವವರೆಗೆ ಎರಡು ಸೆಕೆಂಡೂ ಹಿಡಿಯುವುದಿಲ್ಲ. ಮುಟ್ಟುವಾಗಿನ ವೇಗ ಗಂಟೆಗೆ ಸುಮಾರು 50 ಕಿಲೋಮೀಟರ್. ಸುತ್ತಲು ಬೇಕಾದ ಬಲವೆಲ್ಲ ಕಾಲು ಬಿಡುವ ಮೊದಲೇ ಸಿಕ್ಕಿರಬೇಕು. ಆಮೇಲೆ ಮೈ ಮುದುಡಿದರೆ ಸುತ್ತು ಚುರುಕಾಗುತ್ತದೆ, ಚಾಚಿದರೆ ನಿಧಾನವಾಗುತ್ತದೆ, ಅಷ್ಟೇ ನಮ್ಮ ಕೈಯಲ್ಲಿರುವುದು. ಯಾವಾಗ ಚಾಚಬೇಕು ಎಂದು ತಿಳಿಯಲು ಪಳಗಿದವರು ಸುತ್ತುತ್ತಲೇ ನೀರನ್ನು ಕಣ್ಣಲ್ಲಿ ಹಿಡಿಯುತ್ತಾರೆ. ಅಲುಗದ ನೀರಿನ ಮೇಲ್ಮೈ ಮೇಲಿನಿಂದ ಸರಿಯಾಗಿ ಕಾಣುವುದಿಲ್ಲ. ಅದಕ್ಕೇ ಸ್ಪರ್ಧೆಯ ಕೊಳಗಳಲ್ಲಿ ಪಕ್ಕದಿಂದ ನೀರು ಚಿಮುಕಿಸಿ ಮೇಲ್ಮೈಯನ್ನು ಕದಡುತ್ತಿರುತ್ತಾರೆ.

ನೀರಿಗೆ ಇಳಿಯುವ ಘಳಿಗೆಯನ್ನು ಹತ್ತಿರದಿಂದ ನೋಡಿ. ಬೆರಳ ತುದಿ ಜೋಡಿಸಿ ನೀರು ಸೀಳುತ್ತಾರೆ ಎಂದೇ ಹೆಚ್ಚಿನವರು ತಿಳಿದಿರುವುದು. ಹಾಗಲ್ಲ. ಒಂದು ಕೈ ಇನ್ನೊಂದನ್ನು ಹಿಡಿದಿರುತ್ತದೆ, ಅಂಗೈ ನೀರಿನ ಕಡೆಗೆ ಚಪ್ಪಟೆಯಾಗಿರುತ್ತದೆ, ತೋಳುಗಳು ಕಿವಿಗೆ ಒತ್ತಿಕೊಂಡಿರುತ್ತವೆ. ಚಪ್ಪಟೆ ಅಂಗೈ ನೀರಿನಲ್ಲಿ ತೂತು ಮಾಡುತ್ತದೆ, ಮೈ ಆ ತೂತಿನೊಳಗೆ ಇಳಿಯುತ್ತದೆ. ನೀರೊಳಗೆ ಹೋದ ಕೂಡಲೇ ಕೈಗಳನ್ನು ಪಕ್ಕಕ್ಕೆ ಎಳೆದುಕೊಂಡರೆ ಮೇಲೇಳಬೇಕಾದ ನೀರೂ ಕೆಳಕ್ಕೇ ಹೋಗುತ್ತದೆ. ಸರಿಯಾಗಿ ಬಿದ್ದರೆ ಹೊಸ ಬಟ್ಟೆ ಹರಿದಂಥ ಸದ್ದು ಬರುತ್ತದೆ. ಸದ್ದು ಕೇಳಿಯೇ ಡೈವ್ ಹೇಗಾಯಿತೆಂದು ಹೇಳುವ ಕೋಚ್‌ಗಳಿದ್ದಾರೆ.

ಇದನ್ನೆಲ್ಲ ಮಗು ಕಲಿಯುವುದು ಬಹುಪಾಲು ನೆಲದ ಮೇಲೆ. ಹೊರಗಿನವರಿಗೆ ಆಶ್ಚರ್ಯವಾಗುವುದು ಇಲ್ಲೇ. ಕೊಳದ ಪಕ್ಕದ ಹಾಲ್‌ನಲ್ಲಿ ಮ್ಯಾಟ್ ಮೇಲೆ ಲಾಗ, ಸೊಂಟಕ್ಕೆ ಬೆಲ್ಟ್ ಕಟ್ಟಿ ಹಗ್ಗದಲ್ಲಿ ತೂಗುಹಾಕಿ ಟ್ರ್ಯಾಂಪೊಲಿನ್ ಮೇಲೆ ಸುತ್ತು, ಗೋಡೆಗೆ ಕಾಲಿಟ್ಟು ತಲೆಕೆಳಗಾಗಿ ನಿಲ್ಲುವುದು, ಪಾದದ ತುದಿ ಚಾಚುವ ವ್ಯಾಯಾಮ. ಹಗ್ಗದ ಇನ್ನೊಂದು ತುದಿ ಕೋಚ್ ಕೈಯಲ್ಲಿರುತ್ತದೆ. ಮಗು ಎಡವಟ್ಟು ಮಾಡಿದರೆ ಗಾಳಿಯಲ್ಲೇ ಹಿಡಿಯುತ್ತಾರೆ. ನೀರಿನ ಪಾಠ ಶುರುವಾಗುವುದು ಅಂಚಿನಲ್ಲಿ ಕೂತು, ತೋಳು ಕಿವಿಗೊತ್ತಿ, ಮೆಲ್ಲಗೆ ಉರುಳುವುದರಿಂದ. ಆಮೇಲೆ ನಿಂತು, ಆಮೇಲೆ ಒಂದು ಮೀಟರ್ ಹಲಗೆ, ಆಮೇಲೆ ಮೂರು. ಸ್ಪ್ರಿಂಗ್‌ಬೋರ್ಡ್‌ನ ಅಲ್ಯೂಮಿನಿಯಂ ಹಲಗೆಯ ಕೆಳಗೆ ಹಿಂದೆ ಮುಂದೆ ಸರಿಸಬಹುದಾದ ಆನಿಕೆ ಇರುತ್ತದೆ. ಹಗುರ ಮೈಯ ಮಗುವಿಗೆ ಒಂದು ಬಗೆ, ದೊಡ್ಡವರಿಗೆ ಇನ್ನೊಂದು ಬಗೆ. ಪ್ರತಿ ಡೈವ್ ಆದ ಮೇಲೆ ಪುಟ್ಟ ಒರೆಸುಬಟ್ಟೆಯಿಂದ ಮೈ ಒರೆಸಿಕೊಳ್ಳುವುದು ಶೋಕಿಗಲ್ಲ. ಒದ್ದೆ ಕಾಲನ್ನು ಸುತ್ತುವಾಗ ಹಿಡಿದರೆ ಕೈ ಜಾರುತ್ತದೆ.

ಮೈಗೆ ಆಗುವ ಲಾಭವನ್ನು ಊಹಿಸುವುದು ಕಷ್ಟವಲ್ಲ: ಕಾಲಿನ ಚಿಮ್ಮುಬಲ, ಹೊಟ್ಟೆ ಬೆನ್ನಿನ ಬಿಗಿ, ಭುಜ ಸೊಂಟಗಳ ಬಾಗುವಿಕೆ. ಆದರೆ ಉಸಿರಿನ ದಮ್ಮು ಬೆಳೆಯಬೇಕೆಂದರೆ ಡೈವಿಂಗ್ ಸಾಲದು, ಅದಕ್ಕೆ ಈಜೋ ಓಟವೋ ಬೇಕು. ಮೈಗಾಗುವ ಲಾಭಕ್ಕಿಂತ ಬೆಲೆಬಾಳುವುದು ತಲೆಕೆಳಗಾಗಿ ಸುತ್ತುವಾಗಲೂ ತನ್ನ ಕೈಕಾಲು ಎಲ್ಲಿವೆ ಎಂಬ ಅರಿವು. ಜಿಮ್ನಾಸ್ಟಿಕ್ಸ್ ಕಲಿತ ಮಕ್ಕಳು ಡೈವಿಂಗ್‌ಗೆ ಬೇಗ ಒಗ್ಗುವುದು ಇದರಿಂದಲೇ. ಇನ್ನು ಭಯ. ಅದು ಯಾರಿಗೂ ಪೂರ್ತಿ ಹೋಗುವುದಿಲ್ಲ, ಹೋಗಲೂಬಾರದು. ಹೊಸ ಡೈವ್ ಎಂದರೆ ಗೊತ್ತಿರುವ ಹತ್ತು ತುಣುಕಿಗೆ ಇನ್ನೊಂದನ್ನು ಸೇರಿಸುವುದು ಎಂದು ಮಗುವಿಗೆ ಅರ್ಥವಾದರೆ ಭಯದ ಜೊತೆಗೇ ಕೆಲಸ ಮಾಡಲು ಬರುತ್ತದೆ. ಹತ್ತಿದ ಮೆಟ್ಟಿಲನ್ನು ಇಳಿದು ಬಂದ ಮಗುವನ್ನು ಛೇಡಿಸುವ ಕೋಚ್‌ನ ಹತ್ತಿರ ಮಾತ್ರ ನಿಮ್ಮ ಮಗುವನ್ನು ಬಿಡಬೇಡಿ.

ತೊಂದರೆಗಳನ್ನೂ ಹೇಳಬೇಕು. ಮಣಿಕಟ್ಟು, ಭುಜ, ಸೊಂಟದ ನೋವು ಈ ಆಟದ ಮಾಮೂಲು ಕಾಯಿಲೆ. ಮೈಕಟ್ಟು ಎದ್ದು ಕಾಣುವ ಆಟವಾದ್ದರಿಂದ ಬೆಳೆಯುವ ಮಕ್ಕಳಿಗೆ, ಅದರಲ್ಲೂ ಹುಡುಗಿಯರಿಗೆ, ತೂಕ ಇಳಿಸುವ ಒತ್ತಡ ಬರಬಹುದು. ವಯಸ್ಸಿನ ಪ್ರಶ್ನೆಯೂ ಇದೆ. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಚೀನಾದ ಫು ಮಿಂಗ್‌ಶಿಯಾ ಪ್ಲಾಟ್‌ಫಾರ್ಮ್ ಚಿನ್ನ ಗೆದ್ದಾಗ ಆಕೆಗೆ ಹದಿಮೂರೇ ವರ್ಷ. ಈಗ ಒಲಿಂಪಿಕ್ಸ್‌ಗೆ ಆ ವರ್ಷದಲ್ಲಿ ಕನಿಷ್ಠ 14 ತುಂಬಿರಬೇಕು. ನಿಯಮ ಬಂದದ್ದು ಒಳ್ಳೆಯದೇ ಆಯಿತು. ಹತ್ತು ಮೀಟರ್ ಮೇಲಿನಿಂದ ಬೀಳುವ ಪೆಟ್ಟು ತಾಳಲು ಎಳೆಯ ಮೂಳೆಗೆ ಸಮಯ ಬೇಕು.

ಭಾರತದಲ್ಲಿ ಈ ಆಟಕ್ಕೆ ಹಳೆಯ ಬೇರುಂಟು. 1951ರಲ್ಲಿ ದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಕೆ.ಪಿ. ಠಕ್ಕರ್ ಡೈವಿಂಗ್ ಚಿನ್ನ ಗೆದ್ದಿದ್ದರು. ಈಗಿನ ಕೊರತೆ ಆಳವಾದ ಕೊಳಗಳದ್ದು. ಮೂರು ಮೀಟರ್ ಹಲಗೆಯ ಕೆಳಗೆ ಸುಮಾರು 3.7 ಮೀಟರ್, ಹತ್ತು ಮೀಟರ್ ಪ್ಲಾಟ್‌ಫಾರ್ಮ್ ಕೆಳಗೆ ಕನಿಷ್ಠ 4.5 ಮೀಟರ್ ಆಳ ಇರಬೇಕು. ಬಡಾವಣೆಯ ಈಜುಕೊಳ ಇದರ ಅರ್ಧವೂ ಇರುವುದಿಲ್ಲ. ನಮ್ಮ ಹಳ್ಳಿ ಮಕ್ಕಳು ಬಾವಿ, ಕಲ್ಯಾಣಿ, ನಾಲೆಗಳಿಗೆ ಹಾರಿಯೇ ಈಜು ಕಲಿತವರು. ಆ ಧೈರ್ಯಕ್ಕೆ ನನಗೂ ಮೆಚ್ಚುಗೆಯಿದೆ. ಆದರೆ ಬೇಸಿಗೆಯಲ್ಲಿ ಎಷ್ಟು ನೀರಿದೆ, ತಳದಲ್ಲಿ ಯಾವ ಕಲ್ಲಿದೆ ಎಂದು ಮೇಲಿನಿಂದ ಕಾಣದು. ತಲೆ ಮುಂದಾಗಿ ತಳಕ್ಕೆ ಬಡಿದರೆ ಕತ್ತಿನ ಮೂಳೆ ಮುರಿದು ಕೈಕಾಲು ಶಾಶ್ವತವಾಗಿ ಬಿದ್ದುಹೋಗಬಹುದು.

ಮಗುವನ್ನು ಸೇರಿಸುವ ಮೊದಲು ಮೂರು ಪ್ರಶ್ನೆ ಕೇಳಿ. ಹಲಗೆಯ ಕೆಳಗೆ ಎಷ್ಟು ಆಳವಿದೆ? ನೆಲದ ಮೇಲಿನ ತಾಲೀಮಿಗೆ ಜಾಗ, ಬೆಲ್ಟ್, ಮ್ಯಾಟ್ ಇವೆಯೇ? ಕೋಚ್ ಈಜಿನವರೋ, ಡೈವಿಂಗ್‌ನವರೋ? ಒಂದಕ್ಕೆ ಸರಿಯಾದ ಉತ್ತರ ಸಿಗದಿದ್ದರೂ ಅಲ್ಲಿ ಈಜನ್ನಷ್ಟೇ ಕಲಿಸಿ.