ಪರವಾನಗಿ ಕೇಳದ ಕೋವಿ

ಕೊಡಗಿನ ಊರುಗಳಲ್ಲಿ ಒಂದೇ ಈಡು ಕೇಳಿಸಿದರೆ ಒಂದು ಸುದ್ದಿ, ಬೆನ್ನುಬೆನ್ನಿಗೆ ಎರಡು ಕೇಳಿಸಿದರೆ ಇನ್ನೊಂದು. ಗಂಡುಮಗು ಹುಟ್ಟಿದ ಮನೆಯಂಗಳದಿಂದ ಒಂದು ಗುಂಡು ಹಾರುತ್ತಿತ್ತು, ಸಾವಾದ ಮನೆಯಿಂದ ಜೋಡಿ ಗುಂಡು. ಮನೆಗಳು ಗುಡ್ಡಕ್ಕೊಂದು ಕಣಿವೆಗೊಂದು ಚದುರಿದ ನಾಡಿನಲ್ಲಿ ಸುದ್ದಿ ಮುಟ್ಟಿಸಲು ಇದಕ್ಕಿಂತ ವೇಗದ ದಾರಿ ಇರಲಿಲ್ಲ. ಎರಡು ಈಡು ಕೇಳಿದವರು ಗದ್ದೆಯ ಕೆಲಸ ಗದ್ದೆಯಲ್ಲೇ ಬಿಟ್ಟು, ಸದ್ದು ಬಂದ ದಿಕ್ಕಿಗೆ ನಡೆಯುತ್ತಿದ್ದರು. ಸುಗ್ಗಿಯ ಹಬ್ಬವಾದ ಹುತ್ತರಿಯ ರಾತ್ರಿ ಮೊದಲ ಕದಿರು ಕೊಯ್ಯುವ ಗಳಿಗೆಯನ್ನೂ ಕೋವಿಯೇ ಸಾರುತ್ತದೆ. ಹೆಣ್ಣುಮಗು ಹುಟ್ಟಿದಾಗಲೂ ಗುಂಡು ಹಾರಿಸುವ ಮನೆಗಳು ಈಗ ಇವೆ. ಈ ಬದಲಾವಣೆ ನನಗೆ ಬಹಳ ಸಂತೋಷ ಕೊಟ್ಟಿದೆ.

ಇಂಥ ಕೋವಿಗಳಲ್ಲಿ ಬಹುಪಾಲಿಗೆ ಪರವಾನಗಿ ಇಲ್ಲ. ಕಾನೂನಿನ ಪ್ರಕಾರವೇ ಇಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಇಲ್ಲದೆ ಯಾರೂ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಪಕ್ಕದ ಹಾಸನದ ಕಾಫಿ ಬೆಳೆಗಾರ, ಚಿಕ್ಕಮಗಳೂರಿನ ಅಡಿಕೆ ಕೃಷಿಕ ಬೆಳೆ ಕಾಯಲು ಒಂದು ಕೋವಿ ಬೇಕೆಂದರೆ ಅರ್ಜಿ, ಪೊಲೀಸ್ ವರದಿ, ನವೀಕರಣ ಎಂದು ಅಲೆಯಬೇಕು. ಆದರೆ ಅದೇ ಕಾಯ್ದೆಯ 41ನೇ ಸೆಕ್ಷನ್ ಕೇಂದ್ರ ಸರ್ಕಾರಕ್ಕೆ ವಿನಾಯಿತಿ ಕೊಡುವ ಅಧಿಕಾರ ನೀಡಿದೆ. ಅದರಡಿ ಎರಡು ಬಗೆಯ ಜನರಿಗೆ ಲೈಸೆನ್ಸ್ ಬೇಕಿಲ್ಲ: ಕೊಡವ ಜನಾಂಗದವರು ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರು. ಜಿಲ್ಲಾಧಿಕಾರಿ ಕಚೇರಿಯಿಂದ ವಿನಾಯಿತಿ ಪ್ರಮಾಣಪತ್ರ ಪಡೆದರೆ ಆಯಿತು.

ಈ ಎರಡನೆಯ ಗುಂಪನ್ನು ಹೊರಗಿನವರು ಮರೆತೇಬಿಡುತ್ತಾರೆ. ಜಮ್ಮಾ ಎಂದರೆ ವಂಶಪಾರಂಪರ್ಯವಾಗಿ ಬಂದ ಭೂ ಹಿಡುವಳಿ. ಇದರ ಬೇರು ಕೊಡಗನ್ನು ಆಳಿದ ಹಾಲೇರಿ ಅರಸರ ಕಾಲದಲ್ಲಿದೆ. ಕಂದಾಯ ಬೇರೆ ಜಮೀನಿನ ಅರ್ಧದಷ್ಟು, ಉಳಿದರ್ಧಕ್ಕೆ ಬದಲಾಗಿ ಸೇವೆ. ಅರಸ ಕರೆದಾಗ ಆಯುಧ ಹಿಡಿದು ಬರಬೇಕು, ಗಡಿ ಕಾಯಬೇಕು. ಕೊಡವರಲ್ಲದೆ ಗೌಡರು, ಹೆಗ್ಗಡೆಯರು, ಐರಿಗಳು, ಅಮ್ಮಕೊಡವರು ಮತ್ತು ಕೆಲವು ಮುಸ್ಲಿಂ ಮನೆತನಗಳು ಕೂಡ ಜಮ್ಮಾ ಹಿಡಿದವರೇ. ಜಮ್ಮಾ ಮಾಪಿಳ್ಳೆಗಳೆಂದು ಕರೆಸಿಕೊಳ್ಳುವ ಕುಟುಂಬಗಳು ಇಂದಿಗೂ ಇವೆ. ಕೊಡಗಿನ ಕೋವಿಯ ಹಕ್ಕನ್ನು ಒಂದೇ ಜಾತಿಯ ಸವಲತ್ತು ಎಂದು ನೋಡುವವರು ಈ ಪಟ್ಟಿಯನ್ನು ಗಮನಿಸಬೇಕು. ಭೂಮಿ ಮತ್ತು ಕರ್ತವ್ಯ ಒಟ್ಟಿಗೇ ಬಂದವು, ಆಯುಧ ಅವೆರಡರ ನಡುವೆ ಇತ್ತು. ಮೊದಮೊದಲು ಅದು ಬೆನ್ನಿಗೆ ಸಿಕ್ಕಿಸಿಕೊಳ್ಳುವ ಒಡಿಕತ್ತಿ, ಮುಂದೆ ಬತ್ತಿಯಿಂದ ಮದ್ದಿಗೆ ಬೆಂಕಿ ತಾಗಿಸುವ ಕೋವಿ.

ಇನ್ನು ಮುಂದಿನ ಭಾಗವನ್ನು ಕೊಡಗಿನ ಕೋವಿಪ್ರಿಯರು ಮೆಲುದನಿಯಲ್ಲಿ ಹೇಳಿ ಮುಗಿಸುತ್ತಾರೆ. ನಾನು ಅದನ್ನು ಪೂರ್ತಿಯಾಗಿಯೇ ಹೇಳಬಯಸುತ್ತೇನೆ. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಹಾಲೇರಿಯ ಕೊನೆಯ ಅರಸ ಚಿಕ್ಕವೀರರಾಜನನ್ನು ಪದಚ್ಯುತಗೊಳಿಸಿ ಕೊಡಗನ್ನು ತನ್ನದಾಗಿಸಿಕೊಂಡಿತು. ಮೂರೇ ವರ್ಷಗಳಲ್ಲಿ, 1837ರಲ್ಲಿ, ಅಮರ ಸುಳ್ಯದ ದಂಗೆ ಎದ್ದಿತು. ಕಂದಾಯವನ್ನು ಹಣದಲ್ಲೇ ಕಟ್ಟಬೇಕೆಂಬ ಹೊಸ ಪದ್ಧತಿಯಿಂದ ಬೇಸತ್ತ ರೈತರು ಮಂಗಳೂರಿನವರೆಗೂ ನುಗ್ಗಿದರು. ದಂಗೆಯನ್ನು ಅಡಗಿಸಲು ಕಂಪನಿಗೆ ನೆರವಾದವರಲ್ಲಿ ಅನೇಕ ಕೊಡವ ಮುಖಂಡರಿದ್ದರು. ಅವರಿಗೆ ಚಿನ್ನ ಬೆಳ್ಳಿಯ ಪದಕಗಳು ಸಿಕ್ಕವು. ಪದಕದ ಮೇಲೆ ಆಯುಧ ಹಿಡಿದ ಕೊಡವ ಯೋಧನ ಚಿತ್ರ, ಜೊತೆಗೆ ಕನ್ನಡ ಅಕ್ಷರಗಳು. ಅದೇ ವರ್ಷ ದಂಗೆಯ ಮುಖಂಡ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಲಾಯಿತು. ಇವೆರಡೂ ಕೊಡಗಿನ ಇತಿಹಾಸವೇ.

1857ರ ನಂತರ ಬ್ರಿಟಿಷರ ದೊಡ್ಡ ಭಯ ಭಾರತೀಯರ ಕೈಯಲ್ಲಿದ್ದ ಬಂದೂಕು. 1860ರ ಕಾಯ್ದೆ ಊರೂರಿನ ಆಯುಧಗಳನ್ನು ಕಸಿಯುವ ಅಧಿಕಾರ ಕೊಟ್ಟಿತು. ಆಗ ಮೈಸೂರು ಮತ್ತು ಕೊಡಗು ಎರಡರ ಆಡಳಿತವೂ ಮಾರ್ಕ್ ಕಬ್ಬನ್ ಕೈಯಲ್ಲಿತ್ತು. ಬೆಂಗಳೂರಿನ ಕಬ್ಬನ್ ಪಾರ್ಕಿನ ಹೆಸರು ಇವರದೇ. 1861ರ ಫೆಬ್ರುವರಿಯಲ್ಲಿ ಅವರು ಹೊರಡಿಸಿದ ಆದೇಶ, ಕೊಡಗಿನವರ ಶೌರ್ಯವನ್ನೂ ಸರ್ಕಾರಕ್ಕೆ ಅವರು ಸಲ್ಲಿಸಿದ ಸೇವೆಯನ್ನೂ ಹೊಗಳಿ, ಆ ನಿಶ್ಶಸ್ತ್ರೀಕರಣ ಕಾಯ್ದೆಯಿಂದ ಅವರನ್ನು ಹೊರಗಿಟ್ಟಿತು. ಅದೇ ವರ್ಷ ಊರಿಗೆ ಮರಳುವ ದಾರಿಯಲ್ಲಿ ಸೂಯೆಜ್‌ನಲ್ಲಿ ಕಬ್ಬನ್ ತೀರಿಕೊಂಡರು. ಆದೇಶ ಮಾತ್ರ ಉಳಿಯಿತು.

1878ರಲ್ಲಿ ವೈಸ್‌ರಾಯ್ ಲಿಟ್ಟನ್ ಕಾಲದಲ್ಲಿ ಬಂದ ಶಸ್ತ್ರಾಸ್ತ್ರ ಕಾಯ್ದೆ ಇನ್ನೂ ಬಿಗಿಯಾಗಿತ್ತು. ಯುರೋಪಿಯನ್ನರಿಗೆ ವಿನಾಯಿತಿ, ಭಾರತೀಯನಿಗೆ ಲೈಸೆನ್ಸ್. ಈ ಅವಮಾನ ರಾಷ್ಟ್ರೀಯ ಚಳವಳಿಯ ನಾಯಕರನ್ನು ದಶಕಗಳ ಕಾಲ ಚುಚ್ಚಿತು. ಕಾಂಗ್ರೆಸ್ಸು 1931ರ ಕರಾಚಿ ಅಧಿವೇಶನದ ಮೂಲಭೂತ ಹಕ್ಕುಗಳ ನಿರ್ಣಯದಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕನ್ನೂ ಸೇರಿಸಿತು. ಅಹಿಂಸೆಯ ಚಳವಳಿಯೇ ಈ ಹಕ್ಕನ್ನು ಕೇಳಿತ್ತು ಎಂಬುದನ್ನು ಇಂದಿನ ಚರ್ಚೆಗಳಲ್ಲಿ ಯಾರೂ ನೆನೆಯುವುದಿಲ್ಲ. ಸಂವಿಧಾನ ಸಭೆಯಲ್ಲಿ 1948ರ ಡಿಸೆಂಬರ್‌ನಲ್ಲಿ ಈ ಹಕ್ಕನ್ನು ಸಂವಿಧಾನಕ್ಕೆ ಸೇರಿಸಲು ತಿದ್ದುಪಡಿ ತಂದವರು ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್. ಅಂಬೇಡ್ಕರ್ ಒಪ್ಪಲಿಲ್ಲ. ಎಲ್ಲರಿಗೂ ಈ ಹಕ್ಕು ಕೊಟ್ಟರೆ ಕಳ್ಳಕಾಕರೂ ದರೋಡೆಕೋರರೂ ಅದನ್ನೇ ಕೇಳುತ್ತಾರೆ ಎಂಬುದು ಅವರ ಆತಂಕ. ತಿದ್ದುಪಡಿ ಬಿದ್ದುಹೋಯಿತು. ಅಮೆರಿಕದಲ್ಲಿ ಬಂದೂಕಿನ ಹಕ್ಕು ಸಂವಿಧಾನದ ಎರಡನೇ ತಿದ್ದುಪಡಿಯಲ್ಲಿ ಇದೆ. ಇಲ್ಲಿ ಅಂಥದ್ದೇನೂ ಇಲ್ಲ. ಕೊಡಗಿಗಾದರೂ ಇರುವುದು ಒಂದು ಅಧಿಸೂಚನೆ ಮಾತ್ರ. 1959ರ ಕಾಯ್ದೆ 1962ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂತು. ಮರುವರ್ಷವೇ ಕೊಡಗಿನ ವಿನಾಯಿತಿ ಹೊಸ ಅಧಿಸೂಚನೆಯಾಗಿ ಮುಂದುವರಿಯಿತು.

ಆ ವಿನಾಯಿತಿಯ ಷರತ್ತುಗಳಲ್ಲಿ ಬಂದೂಕು ಬಲ್ಲವರು ಮೆಚ್ಚುವ ಒಂದು ವಿವರವಿದೆ. ಕೊಡಗಿನ ಹೊರಗೆ ಹೋಗುವಾಗ ಒಂದು ರೈಫಲ್ ಮತ್ತು ಅದಕ್ಕೆ 100 ಗುಂಡು, ಒಂದು ನುಣುಪು ನಳಿಗೆಯ ಕೋವಿ ಮತ್ತು ಅದಕ್ಕೆ 500 ತೋಟಾ ಅಥವಾ ಅಷ್ಟಕ್ಕೆ ಸಮನಾದ ಸೀಸದ ಚರೆ ಮತ್ತು ಮದ್ದು. ಇದಕ್ಕಿಂತ ಹೆಚ್ಚು ಒಯ್ಯುವಂತಿಲ್ಲ. ಚರೆ ಮತ್ತು ಮದ್ದಿನ ಪ್ರಸ್ತಾಪ ಏಕೆ ಬಂತೆಂದರೆ, ನಳಿಗೆಯ ಬಾಯಿಯಿಂದ ಮದ್ದು ತುಂಬಿ, ಗಜದಿಂದ ಗಟ್ಟಿ ಮಾಡಿ, ಕೇಪು ಇಟ್ಟು ಹೊಡೆಯುವ ಕೋವಿಗಳೂ ಇಲ್ಲಿ ಬಳಕೆಯಲ್ಲಿದ್ದವು. ಕೇಪಿನ ಕೋವಿಯವನು ಎಷ್ಟು ಮದ್ದು, ಎಷ್ಟು ಚರೆ ಎಂಬುದನ್ನು ಪ್ರತಿ ಈಡಿಗೂ ತಾನೇ ನಿರ್ಧರಿಸಬೇಕು. ಮದ್ದು ಹೆಚ್ಚಾದರೆ ನಳಿಗೆ ಸಿಡಿಯಬಹುದು, ಕಡಿಮೆಯಾದರೆ ಗುರಿ ಮುಟ್ಟದು. ಈ ಲೆಕ್ಕ ಹಿರಿಯರಿಂದ ಕಿರಿಯರಿಗೆ ಬರುತ್ತಿತ್ತು, ಅಂಗಡಿಯಿಂದ ಬರುವಂಥದ್ದಲ್ಲ.

ತೋಟಾ ಕೋವಿ ಬಂದ ಮೇಲೆ ಕೆಲಸ ಸುಲಭವಾಯಿತು, ಎಚ್ಚರ ಬೇರೆ ಕಡೆಗೆ ಸರಿಯಿತು. ಕೊಡಗಿನಲ್ಲಿ ಹೆಚ್ಚು ಕಾಣುವುದು 12 ಬೋರ್‌ನ ಒಂಟಿ ಅಥವಾ ಜೋಡಿ ನಳಿಗೆ. ಒಂದು ಪೌಂಡ್ ಸೀಸದಿಂದ ಒಂದೇ ಅಳತೆಯ 12 ಗುಂಡು ಎರಕ ಹೊಯ್ದರೆ ಒಂದೊಂದು ಗುಂಡಿನ ಅಗಲ ಎಷ್ಟೋ ಅಷ್ಟೇ ಈ ನಳಿಗೆಯ ಒಳಸುತ್ತಿನ ಅಗಲ, ಸುಮಾರು 18.5 ಮಿಲಿಮೀಟರ್. ಪುಣೆ ಬಳಿಯ ಖಡ್ಕಿ ಕಾರ್ಖಾನೆಯ ಶಕ್ತಿಮಾನ್ ತೋಟಾ ನಮ್ಮವರಿಗೆ ಚಿರಪರಿಚಿತ. ನಂಬರು ದೊಡ್ಡದಾದಷ್ಟೂ ಚರೆ ಸಣ್ಣದು. 6ನೇ ನಂಬರಿನಲ್ಲಿ ನೂರಾರು ಸಣ್ಣ ಚರೆಗಳಿರುತ್ತವೆ, ಎಲ್‌ಜಿ ತೋಟಾದಲ್ಲಿ ಬೆರಳೆಣಿಕೆಯ ದಪ್ಪ ಗುಂಡುಗಳು. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ತೋಟಾ ಕೂರುವ ಜಾಗ ಸಾಮಾನ್ಯವಾಗಿ 65 ಮಿಲಿಮೀಟರ್ ಉದ್ದದ್ದು. ಅದರೊಳಗೆ 70 ಮಿಲಿಮೀಟರಿನ ತೋಟಾ ಕೂಡ ಹೋಗಿ ಕೂರುತ್ತದೆ. ಆದರೆ ಹೊಡೆದಾಗ ತೋಟಾದ ಮಡಚಿದ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ಒಳಗೆ ಹೋಯಿತೆಂದ ಮಾತ್ರಕ್ಕೆ ಅದು ಆ ಕೋವಿಯ ತೋಟಾ ಆಗುವುದಿಲ್ಲ. 1980ರ ದಶಕದಲ್ಲಿ ವಿದೇಶಿ ಬಂದೂಕುಗಳ ಆಮದು ನಿಂತ ಮೇಲೆ ಅಜ್ಜಂದಿರ ಕಾಲದ ಗ್ರೀನರ್, ವೆಬ್ಲಿ ಸ್ಕಾಟ್ ಕೋವಿಗಳನ್ನೇ ಜೋಪಾನ ಮಾಡುವ ಮನೆಗಳು ಹೆಚ್ಚಿದವು. ಇಂಥ ಮನೆಗಳಲ್ಲಿ ಈ ಐದು ಮಿಲಿಮೀಟರಿನ ವ್ಯತ್ಯಾಸವನ್ನು ಎಲ್ಲರೂ ತಿಳಿದಿರಲೇಬೇಕು.

ರೈಫಲ್ ವಿಷಯದಲ್ಲಿ ತೋಟಾದ ಅಳತೆಯನ್ನೇ ಕಾನೂನು ನಿರ್ಧರಿಸಿದೆ. ಸೈನ್ಯದ 0.303 ತೋಟಾ ನಾಗರಿಕರ ಕೈ ಸೇರಬಾರದೆಂದು ಬ್ರಿಟಿಷರು ಅದನ್ನು ನಿಷೇಧಿಸಿದರು. ಅದರ ಬದಲು ಸೈನ್ಯದ ಲೀ-ಎನ್‌ಫೀಲ್ಡ್ ಮಾದರಿಯ ರೈಫಲ್ಲನ್ನು 0.315 ತೋಟಾಕ್ಕೆ ಹೊಂದಿಸಿ ನಾಗರಿಕರಿಗೆ ಮಾರಿದರು. ಸ್ವಾತಂತ್ರ್ಯದ ನಂತರ ನಮ್ಮ ಸರ್ಕಾರಿ ಕಾರ್ಖಾನೆಯೂ ಅದನ್ನೇ ಮುಂದುವರಿಸಿತು. ಪರಕೀಯ ಆಡಳಿತಗಾರರ ಭಯದಿಂದ ಹುಟ್ಟಿದ ಒಂದು ಅಳತೆ ಸ್ವತಂತ್ರ ದೇಶದಲ್ಲೂ ಅಳಿಯಲಿಲ್ಲ. ಇದು ಬದಲಾಗಬೇಕಿತ್ತು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಬೇಟೆಯ ಕಾಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಂದಿಗೆ ಮುಗಿಯಿತು. ಅದಕ್ಕೂ ಮೊದಲು ಹುಲಿ ಹೊಡೆದವನಿಗೆ ನರಿಮಂಗಲ (ಕೊಡವ ಭಾಷೆಯಲ್ಲಿ ನರಿ ಎಂದರೆ ಹುಲಿ) ಎಂಬ ಸನ್ಮಾನವಿತ್ತು. ಸತ್ತ ಹುಲಿಯ ಪಕ್ಕದಲ್ಲಿ ಬೇಟೆಗಾರನನ್ನು ಮದುಮಗನಂತೆ ಕೂರಿಸಿ, ಊರವರು ಹಾಲೆರೆದು ಹರಸುತ್ತಿದ್ದರು. ಆ ಆಚರಣೆ ಇಂದು ಬೇಡವೇ ಬೇಡ, ಹುಲಿಯೇ ನಮಗೆ ಬೇಕು. ಬೇಟೆ ನಿಂತರೂ ಕೋವಿಯ ಗೌರವ ಕುಂದಲಿಲ್ಲ. ಸೆಪ್ಟೆಂಬರ್ ಮೊದಲ ವಾರದ ಕೈಲ್ ಪೊಳ್ದ್ ಹಬ್ಬದಲ್ಲಿ ಅದು ಕಾಣುತ್ತದೆ. ನಾಟಿಯ ತಿಂಗಳುಗಳಲ್ಲಿ ಆಯುಧಗಳನ್ನು ದೇವರ ಕೋಣೆಯಲ್ಲಿ ಇಟ್ಟುಬಿಡುವುದು ಹಿಂದಿನ ಪದ್ಧತಿ. ನಾಟಿ ಮುಗಿದ ಮೇಲೆ ಹಬ್ಬದ ದಿನ ಹೊರತೆಗೆದು ಒರೆಸಿ, ಗಂಧ ಹಚ್ಚಿ, ನಳಿಗೆಯ ತುದಿಗೆ ತೋಕ್ ಪೂ ಸಿಕ್ಕಿಸಿ ಪೂಜೆ ಮಾಡುತ್ತಾರೆ. ಕೆಂಪು ಹಳದಿ ಬೆರೆತ ಕಾಡಿನ ಹೂವು ಅದು, ಮಳೆಗಾಲದಲ್ಲೇ ಅರಳುತ್ತದೆ. ಕಡಂಬಟ್ಟು, ಪಂದಿಕರಿಯ ಊಟವಾದ ಮೇಲೆ ಮಂದಿಯೆಲ್ಲ ಊರ ಮೈದಾನವಾದ ಮಂದ್‌ನಲ್ಲಿ ಸೇರುತ್ತಾರೆ. ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆಯುವುದು ಅಲ್ಲೇ. 0.22 ರೈಫಲ್ಲಿಗೆ ಬೇರೆ ವಿಭಾಗ, 12 ಬೋರ್‌ಗೆ ಬೇರೆ. ಸೀರೆ ಉಟ್ಟ ಮಹಿಳೆಯರು ಭುಜಕ್ಕೆ ರೈಫಲ್ ಒತ್ತಿ, ಉಸಿರು ಬಿಗಿಹಿಡಿದು ಹೊಡೆದು ಗೆಲ್ಲುವುದನ್ನು ನೋಡಿದವರು ಈ ಸಂಪ್ರದಾಯ ಗಂಡಸರದು ಎಂದು ಮತ್ತೆ ಹೇಳಲಾರರು.

ಸಡಗರದಲ್ಲಿ ಗಾಳಿಗೆ ಗುಂಡು ಹಾರಿಸುವುದರ ಬಗ್ಗೆ ಒಂದು ಮಾತು ಹೇಳಲೇಬೇಕು. 2019ರ ತಿದ್ದುಪಡಿ, ಮದುವೆ ಜಾತ್ರೆಗಳಲ್ಲಿ ಇತರರ ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸುವುದನ್ನು ಎರಡು ವರ್ಷದವರೆಗಿನ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗಿನ ದಂಡಕ್ಕೆ ಗುರಿಮಾಡಿದೆ. ಅದನ್ನು ಕೊಡಗಿನ ಮೇಲಿನ ದಾಳಿ ಎಂದು ನಾನು ಕಾಣುವುದಿಲ್ಲ. ರೈಫಲ್ಲಿನ ಗುಂಡು ಮೇಲೆ ಹೋದದ್ದು ಎಲ್ಲೋ ಕೆಳಗೆ ಬೀಳಲೇಬೇಕು, ಬಿದ್ದಲ್ಲಿ ಜೀವ ತೆಗೆಯಬಲ್ಲದು. ಜನನಕ್ಕೂ ಮರಣಕ್ಕೂ ಹುತ್ತರಿಗೂ ಬೇಕಾದದ್ದು ಸದ್ದು. ಅದಕ್ಕೆ ಚರೆಯಿಲ್ಲದೆ ಬರೀ ಮದ್ದು ತುಂಬಿದ ಈಡು ಸಾಕು.

ಕೊಡಗಿನ ವಿನಾಯಿತಿಗೆ ಹತ್ತು ವರ್ಷಗಳ ಹೊಸ ಅಧಿಸೂಚನೆ ಬಂದದ್ದು 2019ರ ಅಕ್ಟೋಬರ್‌ನಲ್ಲಿ. ಜಾತಿ ಮತ್ತು ಭೂಮಿಯ ಆಧಾರದ ಮೇಲೆ ತಾರತಮ್ಯವಾಗುತ್ತಿದೆ ಎಂದು ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರ್‌ನಲ್ಲಿ ಒಪ್ಪಲಿಲ್ಲ. ಸ್ವಾತಂತ್ರ್ಯಕ್ಕೂ ಮೊದಲಿನಿಂದ ಬಂದ ರೂಢಿ ಇದು, ಕಾಲಮಿತಿಯೂ ಷರತ್ತುಗಳೂ ಇವೆ, ಆದ್ದರಿಂದ ಸಂವಿಧಾನಕ್ಕೆ ವಿರುದ್ಧವಲ್ಲ ಎಂದಿತು. ಅರ್ಜಿದಾರರ ಪ್ರಶ್ನೆ ಹಗುರವಾದದ್ದಲ್ಲ. ಒಂದೇ ರಸ್ತೆಯ ಆಚೆ ಈಚೆ ಇರುವ ಇಬ್ಬರು ಕೃಷಿಕರಲ್ಲಿ ಒಬ್ಬನಿಗೆ ಹುಟ್ಟಿನಿಂದ ಬಂದದ್ದು ಇನ್ನೊಬ್ಬನಿಗೆ ಏಕಿಲ್ಲ ಎಂದು ಕೇಳುವುದು ನ್ಯಾಯವೇ. ಅದಕ್ಕೆ ನನ್ನ ಉತ್ತರ, ಇವನ ಕೋವಿಯನ್ನು ಕಸಿಯುವುದು ಬೇಡ, ಅವನ ಬೆಳೆ ರಕ್ಷಣೆಯ ಲೈಸೆನ್ಸನ್ನು ಸುಲಭ ಮಾಡಿ ಎಂಬುದು. ಕೊಡಗಿನ ಕೆಲವು ಸಂಘಟನೆಗಳು ಸಿಖ್ಖರ ಕಿರ್ಪಾಣಕ್ಕೆ ಸಂವಿಧಾನದ 25ನೇ ವಿಧಿಯಲ್ಲಿರುವಂಥ ಶಾಶ್ವತ ರಕ್ಷಣೆಯನ್ನೇ ಕೇಳುತ್ತಿವೆ. ಅಲ್ಲಿಯವರೆಗೆ ಈ ಹಕ್ಕು ದೆಹಲಿಯ ಒಂದು ಸಹಿಯ ಮೇಲೆ ನಿಂತಿದೆ.

ಈಗಿನ ಅಧಿಸೂಚನೆಯ ಅವಧಿ 2029ರ ಅಕ್ಟೋಬರ್ 31ಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ಕೊಡಗಿನ ಕುಟುಂಬಗಳು ಮಾಡಬಹುದಾದ ಕೆಲಸ ಸಾಕಷ್ಟಿದೆ. ಐನ್‌ಮನೆಗಳ, ಅಂದರೆ ಕುಲದ ಮೂಲಮನೆಗಳ, ಹಳೆಯ ನಳಿಗೆಗಳನ್ನು ಬಲ್ಲವರಿಂದ ಪರೀಕ್ಷೆ ಮಾಡಿಸಬೇಕು. ಯಜಮಾನ ತೀರಿಕೊಂಡ ಮೇಲೆ ಹೆಸರು ಬದಲಾಗದೆ ಉಳಿದ ಕೋವಿಗಳ ಕಾಗದ ಸರಿಪಡಿಸಬೇಕು. ಪಂದ್ಯಕ್ಕೆ ಬರುವ ಪ್ರತಿ ಹುಡುಗ ಹುಡುಗಿಗೂ ಗುರಿ ಹಿಡಿಯುವುದಕ್ಕಿಂತ ಮೊದಲು ಕೋವಿ ಬಿಚ್ಚಿ ಖಾಲಿಯಿದೆಯೇ ಎಂದು ನೋಡುವುದನ್ನು ಕಲಿಸಬೇಕು. ಜಿಲ್ಲೆಯಲ್ಲಿ ಸುಸಜ್ಜಿತ ಗುಂಡು ಹೊಡೆಯುವ ಅಂಕಣವೊಂದನ್ನು ಸರ್ಕಾರವನ್ನು ಒತ್ತಾಯಿಸಿ ಪಡೆಯಬೇಕು. ಮುಂದಿನ ವಿನಾಯಿತಿಗೆ ಸಲ್ಲಿಸುವ ಮನವಿಯಲ್ಲಿ 1861ರ ಆದೇಶದ ಪ್ರತಿಯ ಜೊತೆಗೆ ಈ ಕೆಲಸಗಳ ವಿವರವೂ ಇರಲಿ.